ಕೆಲಸಕ್ಕೆ ಸೇರಿದ ಮೇಲೆ ಜಿಎಸ್‌ಟಿ ನಂಬರ್ ಏನು ಮಾಡೋದು?

ಹಾಸನದಲ್ಲಿ ಮದುವೆ ಫೋಟೋಗ್ರಫಿ ಮಾಡುತ್ತಿದ್ದಿರಿ, ಈಗ ಸಂಬಳದ ಕೆಲಸ ಸಿಕ್ಕಿದೆ, ಜಿಎಸ್‌ಟಿಯನ್ನು ಸ್ವಲ್ಪ ದಿನ ನಿಲ್ಲಿಸಿಡಬಹುದಾ ಅಂತ ಕೇಳಿದ್ದೀರಿ. ಹಾಗೆ ಸುಮ್ನೆ ನಿಲ್ಲಿಸಿಡಲು ಬರುವುದಿಲ್ಲ ಸರ್. ನಂಬರ್ ಉಳಿಸಿಕೊಂಡರೆ ವ್ಯವಹಾರ ಸೊನ್ನೆ ಇದ್ದರೂ ರಿಟರ್ನ್ ಹಾಕುತ್ತಲೇ ಇರಬೇಕು. ಮರೆತರೆ ದಿನಕ್ಕೆ 20 ರೂಪಾಯಿ ಲೇಟ್ ಫೀ. ರಜಾ ದಿನದಲ್ಲಿ ಆರ್ಡರ್ ಹಿಡಿಯುವ ಯೋಚನೆ ಇಲ್ಲ ಅಂದರೆ ರದ್ದು ಮಾಡಿಸುವುದೇ ವಾಸಿ. ಪೋರ್ಟಲ್‌ನಲ್ಲಿ ಆರ್‌ಇಜಿ-16 ಅರ್ಜಿ ಹಾಕಿ. ರದ್ದಾದ ಮೇಲೆ 3 ತಿಂಗಳೊಳಗೆ ಜಿಎಸ್‌ಟಿಆರ್-10, ಅಂದರೆ ಕೊನೆಯ ರಿಟರ್ನ್, ಸಲ್ಲಿಸಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಕ್ಯಾಮೆರಾ, ಲೆನ್ಸ್ ಕೊಂಡಾಗ ಇನ್‌ಪುಟ್ ಕ್ರೆಡಿಟ್, ಅಂದರೆ ಆಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ತಗೊಂಡಿದ್ದೀರಿ ಅಲ್ವಾ? ಅವು ಇನ್ನೂ ಹೊಸದಾಗಿದ್ದರೆ ಆ ಕ್ರೆಡಿಟ್‌ನಲ್ಲಿ ಒಂದು ಪಾಲು ವಾಪಸ್ ಕಟ್ಟಬೇಕಾಗುತ್ತದೆ. ಹಳೆಯ ಬಿಲ್‌ಗಳನ್ನು ಈಗಲೇ ಹುಡುಕಿಟ್ಟುಕೊಳ್ಳಿ. ಸಂಬಳಕ್ಕಂತೂ ಜಿಎಸ್‌ಟಿ ಇಲ್ಲ.