ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಎಸ್‌ಎಂಪಿಎಸ್ ನೋಡಿ

ಪ್ರಶ್ನೆ: ಸರ್, ನಾನು ಬಿಸಿಎ ವಿದ್ಯಾರ್ಥಿ. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಅಡಕೆ ತೋಟದ ನಡುವೆ. ಗೇಮ್ ಆಡಲು ಒಂದು ಕಂಪ್ಯೂಟರ್ ನಾನೇ ಜೋಡಿಸಬೇಕು ಅಂತಿದ್ದೇನೆ. ಆರಿಸಿಟ್ಟದ್ದು ಇಷ್ಟು: ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಆರ್‌ಟಿಎಕ್ಸ್ 5060 ಟಿಐ 16 ಜಿಬಿ ಕಾರ್ಡ್, ಲಿಕ್ವಿಡ್ ಕೂಲರ್, ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಮೇತ ಬರುವ ಬಣ್ಣದ ಲೈಟಿನ ಕ್ಯಾಬಿನೆಟ್. 8 ಜಿಬಿಯ ಎರಡು ಡಿಡಿಆರ್4 ರ್ಯಾಮ್ ಮತ್ತು 60 ಹರ್ಟ್ಸಿನ ಫುಲ್ ಎಚ್‌ಡಿ ಮಾನಿಟರನ್ನು ಅಣ್ಣ ಕೊಟ್ಟಿದ್ದಾನೆ. ಬೇಸಗೆಯಲ್ಲಿ ನಮ್ಮಲ್ಲಿ ವೋಲ್ಟೇಜ್ ತುಂಬ ಇಳಿಯುತ್ತದೆ, ಸಿಡಿಲೂ ಜಾಸ್ತಿ. ಈ ಪಟ್ಟಿ ಸರಿ ಇದೆಯಾ? ದುಡ್ಡು ಎಲ್ಲಿ ಉಳಿಸಬಹುದು?

ಉತ್ತರ: ಪ್ರೊಸೆಸರ್ ಸರಿಯಾಗಿದೆ, ಅದನ್ನು ಬದಲಿಸಬೇಡಿ. 2025ರ ಕೊನೆಯಿಂದ ರ್ಯಾಮ್ ಬೆಲೆ ವಿಪರೀತ ಏರಿದೆ. ಕೈಯಲ್ಲೇ ಡಿಡಿಆರ್4 ಇರುವಾಗ ಡಿಡಿಆರ್5 ಕೇಳುವ ಹೊಸ ಬೋರ್ಡಿನ ಆಸೆ ಬೇಡ. ಲಿಕ್ವಿಡ್ ಕೂಲರನ್ನು ಪಟ್ಟಿಯಿಂದ ತೆಗೆದುಬಿಡಿ. ಇದು 65 ವ್ಯಾಟಿನ ಪ್ರೊಸೆಸರ್, ಡಬ್ಬಿಯಲ್ಲೇ ಬರುವ ಫ್ಯಾನ್ ಸಾಕು. ಆದರೆ ಡಬ್ಬಿ ಇಲ್ಲದೆ ಮಾರುವ ಟ್ರೇ ಪ್ರೊಸೆಸರಿಗೆ ಆ ಫ್ಯಾನ್ ಇರುವುದಿಲ್ಲ, ಕೇಳಿಯೇ ತಗೊಳ್ಳಿ.

ಕಾರ್ಡಿನಲ್ಲೂ ಒಂದು ಮೆಟ್ಟಿಲು ಇಳಿಯಬಹುದು. ನಿಮ್ಮ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ. ಕಾರ್ಡು 120 ತಯಾರು ಮಾಡಿದರೂ ಕಣ್ಣಿಗೆ ಬೀಳುವುದು 60 ಮಾತ್ರ, ಅಲ್ವಾ? ಈ ಪರದೆಗೆ 8 ಜಿಬಿಯ ಆರ್‌ಟಿಎಕ್ಸ್ 5060 ಸಾಕು. ತೀರಾ ಭಾರದ ಹೊಸ ಗೇಮ್‌ಗಳಲ್ಲಿ ಟೆಕ್ಸ್ಚರ್ (ಚಿತ್ರದ ಮೇಲ್ಮೈಯ ವಿವರ) ಸ್ವಲ್ಪ ಕಮ್ಮಿ ಇಡಬೇಕಾದೀತು. ಬೋರ್ಡು ಮಾತ್ರ ಬಿ450 ಬೇಡ, ಬಿ550 ಇರಲಿ. 5060 ಕಾರ್ಡು 16ರ ಬದಲು 8 ಲೇನ್‌ಗಳಲ್ಲಷ್ಟೇ (ಲೇನ್ ಅಂದರೆ ಡೇಟಾ ಓಡಾಡುವ ದಾರಿ) ಪ್ರೊಸೆಸರ್ ಜೊತೆ ಮಾತಾಡುತ್ತದೆ. ಬಿ450ರಲ್ಲಿ ಆ ದಾರಿ ಹಳೆಯ ಪಿಸಿಐಇ 3.0, ಬಿ550ರಲ್ಲಿ 4.0. ಅಂದರೆ ವೇಗ ಎರಡು ಪಟ್ಟು. ಕಾರ್ಡಿನ 8 ಜಿಬಿ ಮೆಮೊರಿ ತುಂಬಿದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ಹೀಗೆ ಉಳಿದ ದುಡ್ಡನ್ನು ಎಸ್‌ಎಂಪಿಎಸ್‌ಗೆ ಹಾಕಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಸಿಗುವುದನ್ನು ದಯವಿಟ್ಟು ಬಳಸಬೇಡಿ. ಫೆಬ್ರವರಿಯಿಂದ ಮೇವರೆಗೆ ಸುತ್ತಲಿನ ತೋಟಗಳಲ್ಲಿ ಪಂಪು ಒಟ್ಟಿಗೆ ಓಡುವಾಗ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಬೀಳುತ್ತದೆ. ಅದೇ ಹೊತ್ತಿಗೆ ಗೇಮಿನಲ್ಲಿ ಕಾರ್ಡು ಒಮ್ಮೆಲೇ ಕರೆಂಟು ಎಳೆದರೆ ಕಳಪೆ ಎಸ್‌ಎಂಪಿಎಸ್ ತಡೆಯುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಎಸ್‌ಎಂಪಿಎಸ್ ಮೇಲಿನ ಲೇಬಲ್ ಓದಿ. ಇನ್‌ಪುಟ್ ಜಾಗದಲ್ಲಿ 100–240 ವೋಲ್ಟ್ ಅಂತ ಇರಬೇಕು. 200–240 ಅಂತಿದ್ದರೆ ನಿಮ್ಮ ಊರಿಗೆ ಅದು ಬೇಡ. 80 ಪ್ಲಸ್ ಬ್ರಾಂಜ್ ಅನ್ನುವ ಗುರುತು ಕರೆಂಟು ಎಷ್ಟು ಪೋಲಾಗುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ಬ್ರಾಂಜ್ ಗುರುತಿದ್ದೂ 200–240 ಮಾತ್ರ ತೆಗೆದುಕೊಳ್ಳುವ ಎಸ್‌ಎಂಪಿಎಸ್‌ಗಳು ಮಾರುಕಟ್ಟೆಯಲ್ಲಿವೆ. ಹಾಗಾಗಿ ಗುರುತು ನೋಡಿ ಸುಮ್ಮನಾಗಬೇಡಿ. ಕಾರ್ಡಿಗೆ 145 ವ್ಯಾಟ್, ಪ್ರೊಸೆಸರಿಗೆ ಹೆಚ್ಚೆಂದರೆ 76, ಉಳಿದದ್ದೆಲ್ಲ ಸೇರಿದರೂ 300ರ ಒಳಗೆ. ಒಳ್ಳೆಯ 550 ವ್ಯಾಟಿನದು ಧಾರಾಳ ಸಾಕು.

ಇನ್ನು ಅರ್ತಿಂಗ್. ನೀವು ಕೇಳದಿದ್ದರೂ ನನಗೆ ಎಲ್ಲಕ್ಕಿಂತ ಚಿಂತೆ ಇದರದ್ದೇ. ಹಳೆ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಒಳಗೆ ಅರ್ತ್ ವೈರೇ ಇರುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನ ಕೆಪಾಸಿಟರುಗಳಿಂದ ಚೂರು ಕರೆಂಟು ಯಾವಾಗಲೂ ಅರ್ತಿಗೆ ಹರಿಯುತ್ತಿರುತ್ತದೆ. ಅದಕ್ಕೆ ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಕಬ್ಬಿಣದ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಮುಟ್ಟಿದರೆ ಜುಮ್ ಅನ್ನುವುದು ಇದೇ ಕಾರಣಕ್ಕೆ. ವೋಲ್ಟೇಜ್ ಒಮ್ಮೆಲೇ ಜಿಗಿದಾಗ ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂಡ ಅರ್ತ್ ಇಲ್ಲದಿದ್ದರೆ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ತ್ ಇನ್ನೂ ದುರ್ಬಲ. ಆಗಾಗ ಅರ್ತ್ ಗುಂಡಿಗೆ ನೀರು ಹಾಕಬೇಕು. ಭಾಗಗಳನ್ನು ಆರ್ಡರ್ ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಪರೀಕ್ಷೆ ಮಾಡಿಸಿ, ಇಎಲ್‌ಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಕೆಲಸ ಮಾಡುತ್ತದೆಯೇ ಅಂತಲೂ ನೋಡಿಸಿ. ತಪ್ಪಿಸಬೇಡಿ.

ಸಿಡಿಲಿಗೆ ಇರುವ ಒಂದೇ ನಂಬಿಕೆಯ ಉಪಾಯ ಪ್ಲಗ್ ಕೀಳುವುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಏಪ್ರಿಲ್-ಮೇಯಲ್ಲಿ, ಆಮೇಲೆ ಅಕ್ಟೋಬರ್-ನವೆಂಬರಿನಲ್ಲಿ ಸಂಜೆ ಮೋಡ ಕಟ್ಟುವಾಗಲೇ ಕಿತ್ತುಬಿಡಿ. ಗುಡುಗು ತಲೆ ಮೇಲೆ ಬಂದ ನಂತರ ವೈರ್ ಮುಟ್ಟಲು ಹೋಗಬೇಡಿ. ಲ್ಯಾನ್ ಕೇಬಲ್ಲನ್ನೂ ಮರೆಯಬೇಡಿ. ಫೈಬರಿನಲ್ಲಿ ಕರೆಂಟು ಹರಿಯದು ನಿಜ. ಆದರೆ ರೂಟರಿನ ಅಡಾಪ್ಟರ್ ಗೋಡೆಯಲ್ಲೇ ಇರುತ್ತದೆ, ಅಲ್ಲಿಂದ ತಾಮ್ರದ ಲ್ಯಾನ್ ವೈರ್ ನೇರ ಮದರ್‌ಬೋರ್ಡಿಗೆ ಬರುತ್ತದೆ.

ಕರೆಂಟು ಹೋದಾಗ ಗೇಮ್ ಸೇವ್ ಮಾಡಿ ಬಂದ್ ಮಾಡಲು ಯುಪಿಎಸ್ ಬೇಕು. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್, ಮಾನಿಟರ್ ಸೇರಿದರೆ ತೀರಾ ಬಿಗಿ. 1000 ವಿಎ ತಗೊಳ್ಳಿ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ (ನಯವಲ್ಲದ, ಚೌಕಾಕಾರದ ಅಲೆಯ ಕರೆಂಟು ಕೊಡುವಂಥದ್ದು) ಆಗಿದ್ದರೆ ಅದಕ್ಕೆ ಈ ಕಂಪ್ಯೂಟರನ್ನು ಜೋಡಿಸಬೇಡಿ.

ಕ್ಯಾಬಿನೆಟ್ ಮುಂದೆ ಗಾಳಿಯಾಡುವ ಜಾಲರಿ ಇದ್ದರೆ ಸಾಕು, ಲೈಟು ನಿಮ್ಮಿಷ್ಟ. ಮಳೆಗಾಲದಲ್ಲಿ ನೆಲದ ಮೇಲೆ ಇಡಬೇಡಿ. ಪರೀಕ್ಷೆ ಅಂತ ವಾರಗಟ್ಟಲೆ ಮುಚ್ಚಿಡುವುದೂ ಬೇಡ. ದಿನಕ್ಕೆ ಸ್ವಲ್ಪ ಹೊತ್ತು ಓಡಿದರೆ ಒಳಗಿನ ತೇವ ಆರುತ್ತದೆ. ಹಿಂದಿನ ಖಾಲಿ ಸ್ಲಾಟುಗಳನ್ನು ಮುಚ್ಚುವ ಲೋಹದ ಪಟ್ಟಿ ಕಳಚಿ ಬಿಡಬೇಡಿ, ಹಲ್ಲಿ ನುಗ್ಗುತ್ತದೆ.

ಕಾಸರಗೋಡಿನಲ್ಲೇ ಕೊಳ್ಳಿ, ಮಂಗಳೂರಿಗೇ ಹೋಗಿ, ಪ್ರತಿ ಭಾಗದ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸುಟ್ಟ ಗುರುತಿದ್ದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ರೈಜನ್ 5 5600ರಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲ. ಕಾರ್ಡು ಸರ್ವಿಸಿಗೆ ಹೋದರೆ ಪರದೆ ಕಪ್ಪು, ಕಾಲೇಜಿನ ಪ್ರಾಜೆಕ್ಟೂ ನಿಲ್ಲುತ್ತದೆ. ಅಣ್ಣನ ಹತ್ತಿರ ಹಳೆ ಕಾರ್ಡೇನಾದರೂ ಇದ್ದರೆ ಅದನ್ನೂ ಕೇಳಿ ತೆಗೆದಿಟ್ಟುಕೊಳ್ಳಿ.