ಮಾಲ್ಥಸ್‌ರಿಂದ ಡಾರ್ವಿನ್ ಪಡೆದದ್ದೇನು?

ನಿಸರ್ಗದ ಆಯ್ಕೆಯ ಸಿದ್ಧಾಂತವನ್ನು ಡಾರ್ವಿನ್ ಅವರು ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಮಾಲ್ಥಸ್ ಅವರ ಜನಸಂಖ್ಯಾ ಪ್ರಬಂಧದಿಂದಲೇ ಎತ್ತಿಕೊಂಡರೇ ಎಂದು ಕೇಳಿದ್ದೀರಿ. ಹಾಗೆ ಹೇಳುವುದು ನ್ಯಾಯವಲ್ಲ, ಆದರೆ ಆ ಋಣ ಸಣ್ಣದೂ ಅಲ್ಲ.

1798ರಲ್ಲಿ ಮೊದಲು ಪ್ರಕಟವಾದ ಆ ಪ್ರಬಂಧದ ಪ್ರಕಾರ, ತಡೆಯಿಲ್ಲದಿದ್ದರೆ ಜನಸಂಖ್ಯೆ 1, 2, 4, 8 ಎಂದು ಗುಣೋತ್ತರ ಶ್ರೇಢಿಯಲ್ಲಿ ಬೆಳೆಯುತ್ತದೆ. ಆಹಾರವಾದರೋ 1, 2, 3, 4 ಎಂದು ಮಾತ್ರ ಹೆಚ್ಚುತ್ತದೆ. 1838ರ ಸೆಪ್ಟೆಂಬರ್ ಕೊನೆಯಲ್ಲಿ ಇದನ್ನು ಓದುವ ಹೊತ್ತಿಗೆ, ಜೀವಪ್ರಭೇದಗಳು ಬದಲಾಗುತ್ತವೆ ಎಂಬುದು ಡಾರ್ವಿನ್ ಅವರಿಗೆ ಮನದಟ್ಟಾಗಿತ್ತು. ಆದರೆ ಆರಿಸುವವರೇ ಇಲ್ಲದ ನಿಸರ್ಗದಲ್ಲಿ ಆ ಬದಲಾವಣೆಗೆ ದಿಕ್ಕು ಹೇಗೆ ಒದಗುತ್ತದೆ ಎಂಬುದು ಸ್ಪಷ್ಟವಾಗಿರಲಿಲ್ಲ. ಹುಟ್ಟಿದವುಗಳಲ್ಲಿ ಬಹುಪಾಲು ಉಳಿಯಲಾರವು ಎಂಬ ಲೆಕ್ಕವೇ ಅದಕ್ಕೆ ದಾರಿ ತೋರಿತು: ಉಳಿವಿಗೆ ತುಸುವಾದರೂ ನೆರವಾಗುವ, ಸಂತತಿಗೂ ಹರಿದುಬರುವ ಗುಣವುಳ್ಳ ಜೀವಿಗಳು ಸರಾಸರಿಯಲ್ಲಿ ಹೆಚ್ಚು ಮರಿಗಳನ್ನು ಬಿಟ್ಟುಹೋಗುತ್ತವೆ, ತಲೆಮಾರುಗಳು ಕಳೆದಂತೆ ಆ ಗುಣ ವ್ಯಾಪಿಸುತ್ತದೆ. ಇದೇ ನಿಸರ್ಗದ ಆಯ್ಕೆ.

1858ರಲ್ಲಿ, ಇಂದಿನ ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ ಜ್ವರದಿಂದ ಮಲಗಿದ್ದ ಬ್ರಿಟಿಷ್ ನಿಸರ್ಗವಿಜ್ಞಾನಿ ವ್ಯಾಲೆಸ್ ಅವರಿಗೂ ಹಿಂದೆ ಓದಿದ್ದ ಇದೇ ಪ್ರಬಂಧ ನೆನಪಾಗಿ ಇದೇ ತತ್ತ್ವ ಹೊಳೆಯಿತು. ನನ್ನ ಮಟ್ಟಿಗೆ ಪ್ರಭಾವಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಆದರೂ ಮಾಲ್ಥಸ್ ವಿವರಿಸಹೊರಟದ್ದು ಮನುಷ್ಯ ಸಮಾಜದ ಬಡತನವನ್ನು. ಜೀವಿಗಳ ನಡುವಿನ ಸಣ್ಣ ವ್ಯತ್ಯಾಸಗಳಿಂದ ಹೊಸ ಪ್ರಭೇದಗಳು ಮೂಡಬಹುದೆಂಬ ತೀರ್ಮಾನ ಈ ಇಬ್ಬರದೇ.