ತುಡುವೆ ಜೇನಿನ ರೆಕ್ಕೆ: ಎಷ್ಟು ಸ್ಯಾಂಪಲ್, ಎಷ್ಟು ಲ್ಯಾಂಡ್‌ಮಾರ್ಕ್?

ನೀವು ಕೇಳಿದ್ದು ಇಷ್ಟು: ಶಿರಸಿಯ ತುಡುವೆ ಜೇನಿಗೂ ಕೊಡಗಿನ ತುಡುವೆಗೂ ಮುಂದಿನ ರೆಕ್ಕೆಯ ಆಕಾರದಲ್ಲಿ ವ್ಯತ್ಯಾಸ ಇದೆಯಾ ಅಂತ ನೋಡಬೇಕು. ಎರಡೂ ಕಡೆ ಎರಡೆರಡು ಪೆಟ್ಟಿಗೆಯಿಂದ ತಲಾ 50 ಹುಳ ತಂದಿದ್ದೀರಿ, ಒಟ್ಟು 200. ನರಗಳು ಕೂಡುವ 19 ಜಾಗಗಳಲ್ಲಿ ಲ್ಯಾಂಡ್‌ಮಾರ್ಕ್ (ಎಲ್ಲ ರೆಕ್ಕೆಯಲ್ಲೂ ಅದೇ ಜಾಗಕ್ಕೆ ಇಡುವ ಗುರುತಿನ ಬಿಂದು), ಜೊತೆಗೆ ರೆಕ್ಕೆಯ ಅಂಚಿನುದ್ದಕ್ಕೂ 60 ಸೆಮಿಲ್ಯಾಂಡ್‌ಮಾರ್ಕ್ (ಅಂಚಿನಗುಂಟ ಜಾರಿಸಬಹುದಾದ ಬಿಂದು) ಇಟ್ಟರೆ ಸಾಕಾ, ಇನ್ನೂ ಬೇಕಾ?

ಬೇಜಾರು ಮಾಡ್ಕೋಬೇಡಿ, ನಿಮ್ಮ ಹತ್ತಿರ ಇರುವ ಸ್ಯಾಂಪಲ್ 200 ಅಲ್ಲ, 4. ಒಂದು ಪೆಟ್ಟಿಗೆಯ ಕೆಲಸಗಾರ ಹುಳಗಳೆಲ್ಲ ಒಂದೇ ರಾಣಿಯ ಮಕ್ಕಳು. ರಾಣಿ ಹತ್ತಾರು ಗಂಡುಗಳ ಜೊತೆ ಕೂಡಿರುತ್ತದೆ ನಿಜ, ಆದರೂ ಅವು ಅಕ್ಕತಂಗಿಯರೇ. ಬೆಳೆದದ್ದೂ ಒಂದೇ ಗೂಡಿನಲ್ಲಿ, ಒಂದೇ ಮೇವು ತಿಂದು. ಅದೇ ಪೆಟ್ಟಿಗೆಯಿಂದ ಇನ್ನೂ 50 ತಂದರೆ ಆ ಕುಟುಂಬದ ಸರಾಸರಿ ಗಟ್ಟಿಯಾಗುತ್ತದೆಯೇ ಹೊರತು ಕೊಡಗಿನ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ನಾನಾಗಿದ್ದರೆ ಪ್ರತಿ ಪ್ರದೇಶದಿಂದ 15–20 ಕುಟುಂಬ, ಒಂದೊಂದರಿಂದ ಬರೀ 10 ಹುಳ ಹಿಡಿಯುತ್ತಿದ್ದೆ. ಫೋಟೊ ತೆಗೆಯುವ ಕೆಲಸ ಒಂದೂವರೆಯಿಂದ ಎರಡು ಪಟ್ಟಾಗುತ್ತದೆ, ಓಡಾಟ ಇನ್ನೂ ಜಾಸ್ತಿ.

'ಕನಿಷ್ಠ 30 ಇರಲಿ' ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಏನನ್ನು ಅಳೆಯುತ್ತೀರಿ ಅನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಕಾರ್ಡಿನಿ ಮತ್ತು ಎಲ್ಟನ್ 2007ರಲ್ಲಿ ವರ್ವೆಟ್ ಕೋತಿಗಳ ತಲೆಬುರುಡೆ ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು: ಸರಾಸರಿ ಗಾತ್ರ ಸಣ್ಣ ಸ್ಯಾಂಪಲ್‌ನಲ್ಲೂ ಸುಮಾರಾಗಿ ಸರಿ ಬಂತು, ಸರಾಸರಿ ಆಕಾರ ಮಾತ್ರ ದಾರಿ ತಪ್ಪಿತು. ನಿಮಗೆ ಬೇಕಿರುವುದು ಆ ಎರಡನೆಯದೇ.

ಇನ್ನು ಲ್ಯಾಂಡ್‌ಮಾರ್ಕ್ ಲೆಕ್ಕ. 19 ಬಿಂದು ಅಂದರೆ, ಒಂದೊಂದಕ್ಕೆ x, y ಎರಡರಂತೆ, 38 ಸಂಖ್ಯೆ. ಪ್ರೊಕ್ರಸ್ಟಿಸ್ ಹೊಂದಾಣಿಕೆಯಲ್ಲಿ (ರೆಕ್ಕೆಗಳನ್ನು ಸರಿಸಿ, ಗಾತ್ರ ಸಮ ಮಾಡಿ, ತಿರುಗಿಸಿ ಒಂದರ ಮೇಲೊಂದು ಕೂರಿಸುವುದು) ಸ್ಥಾನಕ್ಕೆ 2, ಗಾತ್ರಕ್ಕೆ 1, ತಿರುಗಿಸಿದ್ದಕ್ಕೆ 1 ಕಳೆದು 34 ಉಳಿಯುತ್ತದೆ. 60 ಸೆಮಿಲ್ಯಾಂಡ್‌ಮಾರ್ಕ್ ಸೇರಿಸಿದರೆ, ಅವು ಅಂಚಿನಗುಂಟ ಜಾರುವುದನ್ನು ಕಳೆದ ಮೇಲೂ (ಒಂದೊಂದಕ್ಕೆ ಒಂದೇ ಸಂಖ್ಯೆ ಉಳಿಯುತ್ತದೆ) 94. ಸ್ಯಾಂಪಲ್‌ಗಿಂತ ಚರಾಂಶಗಳೇ (ಅಂದರೆ ಈ ಸಂಖ್ಯೆಗಳೇ) ಹೆಚ್ಚಾದಾಗ ಸಿವಿಎ (ಗುಂಪುಗಳನ್ನು ಆದಷ್ಟೂ ಬೇರ್ಪಡಿಸುವ ಲೆಕ್ಕ) ನಕ್ಷೆ ಎರಡು ಗುಂಪನ್ನು ಚಂದವಾಗಿ ಬೇರ್ಪಡಿಸಿ ತೋರಿಸುತ್ತದೆ. ಯಾವ ಹುಳ ಯಾವ ಊರಿನದು ಅನ್ನುವ ಲೇಬಲ್‌ಗಳನ್ನು ಕಲಸಿ ಹಾಕಿ ನೋಡಿ, ಆಗಲೂ ಬೇರ್ಪಡಿಸುತ್ತದೆ! ಬಿಟ್ವೀನ್-ಗ್ರೂಪ್ ಪಿಸಿಎ (ಗುಂಪುಗಳ ಸರಾಸರಿಗಳ ನಡುವಿನ ವ್ಯತ್ಯಾಸದ ದಿಕ್ಕಿನಲ್ಲಿ ಹುಳಗಳನ್ನು ತೋರಿಸುವ ಲೆಕ್ಕ) ಹಾಕಿ ಪಾರಾಗಬಹುದು ಅಂತ ಬಹಳ ಜನ ನಂಬಿದ್ದರು. ಅದಕ್ಕೂ ಇದೇ ರೋಗ ಇದೆ ಅಂತ 2019ರಲ್ಲಿ ಗೊತ್ತಾಯಿತು.

ಅದಕ್ಕಿಂತ ಮುಖ್ಯವಾಗಿ, ಮೇವಿಗೆ ಹೋಗಿಬರುವ ಹಳೇ ಹುಳದ ರೆಕ್ಕೆಯನ್ನು ಎರಡು ಗಾಜಿನ ಸ್ಲೈಡ್ ನಡುವೆ ಇಟ್ಟು ನೋಡಿ. ಅಂಚು ಹರಿದ ಬಾಳೆಎಲೆಯಂತೆ ಚಿಂದಿಯಾಗಿರುತ್ತದೆ. ಅಲ್ಲಿ 60 ಬಿಂದು ಇಟ್ಟರೆ ನೀವು ಅಳೆಯುವುದು ಹುಳದ ವಯಸ್ಸನ್ನು. ನರ ಕೂಡುವ ಜಾಗಗಳು ಸವೆಯುವುದಿಲ್ಲ, ಎಲ್ಲ ಹುಳದಲ್ಲೂ ಅದೇ ಜಾಗ ಅಂತ ಧೈರ್ಯವಾಗಿ ಹೇಳಬಹುದು. ಆ 19 ಸಾಕು. ಅನುಮಾನ ಇದ್ದರೆ ವಟನಾಬೆ 2018ರಲ್ಲಿ ಕೊಟ್ಟ ಲಾಸೆಕ್ ವಿಧಾನ ಇದೆ: ಬಿಂದುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋದಾಗ, ಎಲ್ಲ ಬಿಂದು ಇಟ್ಟಾಗಿನ ಫಲಿತಾಂಶಕ್ಕೆ ಎಷ್ಟು ಹತ್ತಿರ ಬಂತು ಅನ್ನುವ ಗೆರೆ ಎಲ್ಲಿ ಚಪ್ಪಟೆಯಾಗುತ್ತದೆ ಅಂತ ತೋರಿಸುತ್ತದೆ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಎಂಎಸ್ಸಿಯಲ್ಲಿ ಒಂದು ಊರಿನ ರೆಕ್ಕೆಗಳಿಗೆಲ್ಲ ಮೊದಲ ವಾರ ಬಿಂದು ಇಟ್ಟೆ, ಇನ್ನೊಂದು ಊರಿನವಕ್ಕೆ ಮೂರನೇ ವಾರ. ಅದ್ಭುತ ವ್ಯತ್ಯಾಸ ಬಂತು. ಮೊದಲಿನವನ್ನು ಮತ್ತೆ ಗುರುತಿಸಿದಾಗ ಅರ್ಧಕ್ಕರ್ಧ ಮಾಯ. ಶುರುವಿನಲ್ಲಿ ನರದ ಒಳಮೂಲೆಗೆ ಕ್ಲಿಕ್ ಮಾಡುತ್ತಿದ್ದವನು ಬರಬರುತ್ತಾ ನಟ್ಟನಡುವೆ ಮಾಡತೊಡಗಿದ್ದೆ! ಆದ್ದರಿಂದ ಬಿಂದು ಇಡುವ ಸಾಫ್ಟ್‌ವೇರ್ ಟಿಪಿಎಸ್‌ಡಿಗ್‌ಗೆ ಹಾಕುವ ಮೊದಲೇ ಫೋಟೊಗಳನ್ನು ಕಲಸಿ, ಊರಿನ ಹೆಸರು ಮುಚ್ಚಿಡಿ. 30 ರೆಕ್ಕೆಗಾದರೂ ಎರಡೆರಡು ಸಲ ಬಿಂದು ಇಟ್ಟು, ಜಿಯೊಮಾರ್ಫ್‌ನಲ್ಲಿ (ಆರ್ ಸಾಫ್ಟ್‌ವೇರಿನ ಪ್ಯಾಕೇಜ್) ಪ್ರೊಕ್ರಸ್ಟಿಸ್ ಅನೋವಾ (ಆಕಾರದ ವ್ಯತ್ಯಾಸ ಯಾವುದರಿಂದ ಎಷ್ಟು ಬಂತು ಅಂತ ಪಾಲು ಮಾಡುವ ಲೆಕ್ಕ) ಮಾಡಿ ಕೈತಪ್ಪು ಎಷ್ಟಿದೆ ನೋಡಿ.

ಹೊಸ ಕುಟುಂಬ ಹುಡುಕಿಕೊಂಡು ಹೋದಾಗ, ಪೆಟ್ಟಿಗೆ ಎಲ್ಲಿಂದ ತಂದದ್ದು ಅಂತ ಜೇನು ಸಾಕುವವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕುಟುಂಬಗಳನ್ನು ಕೊಂಡು ತರುವವರು ಇದ್ದಾರೆ. ಮಡಿಕೇರಿಯ ತೋಟದಲ್ಲಿರುವ ಪೆಟ್ಟಿಗೆ ಹೋದ ವರ್ಷ ಶಿರಸಿಯಲ್ಲೇ ಇದ್ದಿರಬಹುದು.